ಅನ್ನ ಮಾಡಿಟ್ಟವರು ಯಾರು?

"ಗುರುಗಳೇ, ನಾಡು ಹುಟ್ಟಿದ ಕತೆಯನ್ನು ಎಲ್ಲರೂ ನಂಬಿಕೊಂಡು ನೆಮ್ಮದಿಯಾಗಿರುವಾಗ, ಅದು ಹಾಗಲ್ಲ ಹೀಗೆ ಎಂದು ಕೆದಕುವವನು ನಾಡಿಗೆ ಹಿತ ಮಾಡುತ್ತಾನೋ, ದ್ರೋಹ ಮಾಡುತ್ತಾನೋ?"

ಹೀಗೆ ಕೇಳಿದವನು ರೇವಣ. ಆಗಷ್ಟೇ ಪೇಟೆಗೆ ಹೋಗಿ ಬಂದಿದ್ದ. ಅಲ್ಲಿ ತುಂಬಿದ ಸಭೆಯಲ್ಲಿ ಒಬ್ಬ ಪಂಡಿತ ಎದ್ದು ನಿಂತು, ಈ ಪಟ್ಟಣ ಸ್ಥಾಪನೆಯಾದ ಕತೆ ಪೂರ್ತಿ ನಿಜವಲ್ಲ ಎಂದಿದ್ದ. ಜನ ಅವನ ರುಮಾಲು ಕಿತ್ತು ಚರಂಡಿಗೆ ಎಸೆದಿದ್ದರು. ರೇವಣನಿಗೆ ರುಮಾಲಿನ ಬಗ್ಗೆ ಮರುಕವಿತ್ತು, ಪಂಡಿತನ ಮೇಲೆ ಸಿಟ್ಟಿತ್ತು. ಎರಡನ್ನೂ ಹೊತ್ತುಕೊಂಡು ಬೆಟ್ಟ ಹತ್ತಿ ಬಂದಿದ್ದ.

ಗುರು ಹಾಲಪ್ಪಯ್ಯನವರು ಮೊರದಲ್ಲಿ ಅವರೆಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಪ್ರಶ್ನೆ ಕೇಳಿ ಅವರ ಮುಖ ಅರಳಿತು. ಕತೆ ಹೇಳಲು ನೆಪವೊಂದು ಸಿಕ್ಕರೆ ಅವರಿಗೆ ಅಂದೇ ಹಬ್ಬ.

"ಕೂತುಕೋ. ಒಂದು ಹಿಡಿ ಬೇಳೆ ನೀನೂ ತೆಗೆದುಕೋ. ಕೈಗೆ ಕೆಲಸವಿದ್ದರೆ ಕಿವಿ ನೆಟ್ಟಗಿರುತ್ತದೆ" ಎಂದು ಹೇಳಿ ಶುರು ಮಾಡಿದರು.

ದೊಡ್ಡ ಹೊಳೆಯೊಂದರ ನಡುವೆ ಒಂದು ನಡುಗಡ್ಡೆ ಇತ್ತು. ನಡುಗಡ್ಡೆಯೇ ಒಂದು ನಾಡು. ಸಣ್ಣ ನಾಡು ಎನ್ನಬೇಡ. ಅಲ್ಲಿ ಇದ್ದವರಿಗೆ ಅದೇ ಭೂಮಂಡಲ.

ಆ ನಾಡಿಗೆ ಒಂದು ಹುಟ್ಟಿನ ಕತೆ ಇತ್ತು. ಮೊದಲ ದೊರೆ ತನ್ನ ಜನರೊಂದಿಗೆ ದೋಣಿಗಳಲ್ಲಿ ಬಂದ. ದಿನಗಟ್ಟಲೆ ಹೊಳೆಯ ಮೇಲೆ ಅಲೆದು ಎಲ್ಲರೂ ಹಸಿದಿದ್ದರು. ನೆಲ ಕಂಡಿತು. ನೆಲ ಬರಿದಾಗಿತ್ತು. ಮುದಿ ಹುಣಸೆಮರಗಳ ಮೇಲಿನ ಕೊಕ್ಕರೆಗಳನ್ನು ಬಿಟ್ಟರೆ ಉಸಿರಾಡುವ ಜೀವ ಇರಲಿಲ್ಲ. ದೊರೆ ಇಳಿದು ಮರಳಿನಲ್ಲಿ ಕೋಲು ನೆಟ್ಟು, ಇದು ನಮ್ಮದು ಎಂದ. ಆಗ ನೆಲ ಒಲಿದು, ಹಸಿದವರಿಗೆ ಅನ್ನ ಕೊಟ್ಟಿತು. ಇಷ್ಟೇ ಕತೆ. ಚೆನ್ನಾಗಿದೆ, ಅಲ್ಲವೆ? ನನಗೂ ಚೆನ್ನಾಗಿದೆ ಎನಿಸುತ್ತದೆ.

ವರ್ಷಕ್ಕೊಮ್ಮೆ ಆ ನಾಡಿನವರು ಇಳಿಹಬ್ಬ ಮಾಡುತ್ತಿದ್ದರು. ಅಂಥ ಹಬ್ಬ ನೀನು ಎಲ್ಲೂ ನೋಡಿರಲಿಕ್ಕಿಲ್ಲ. ಹಿಂದಿನ ಸಂಜೆ ಮನೆಮನೆಯಲ್ಲೂ ಅನ್ನ ಮಾಡಿ, ಮಡಕೆಯ ಬಾಯಿಗೆ ಬಾಳೆಲೆ ಕಟ್ಟಿ, ಹೊಸ್ತಿಲ ಮೇಲೆ ಇಡುತ್ತಿದ್ದರು. ಬೆಳಕು ಹರಿಯುವ ಮುಂಚೆ ಎಲ್ಲರೂ ದೋಣಿ ಹತ್ತುತ್ತಿದ್ದರು. ಮುದುಕರು, ಕೂಸುಗಳು, ಕಾಯಿಲೆಯವರು, ಯಾರನ್ನೂ ಬಿಡುತ್ತಿರಲಿಲ್ಲ. ನಡುಗಡ್ಡೆ ಪೂರ್ತಿ ಬರಿದಾಗುತ್ತಿತ್ತು. ಆಮೇಲೆ ಮಂಜಿನಲ್ಲಿ ದೋಣಿಗಳು ಒಂದು ಸುತ್ತು ಹಾಕಿ, ಎಂದೂ ಕಾಣದ ನೆಲಕ್ಕೆ ಬಂದಂತೆ ವಾಪಸು ಬರುತ್ತಿದ್ದವು.

ಇಳಿದ ಮೇಲೆ ಎಲ್ಲರೂ ಅಪರಿಚಿತರು. ತಮ್ಮ ಬೀದಿಯನ್ನೇ ಬೆರಗಿನಿಂದ ನೋಡಬೇಕು. ಗಂಡ ಹೆಂಡತಿಯನ್ನು, "ಯಾವ ಊರಾಯಿತು ತಾಯಿ ತಮ್ಮದು?" ಎಂದು ಕೇಳಬೇಕು. ಆಕೆ ನಗಬಾರದು. ಗೋಡೆಗಾಗಿ ಜಗಳವಾಡಿದ್ದ ಅಣ್ಣತಮ್ಮಂದಿರು ಅಂದು ಹೊಸದಾಗಿ ಪರಿಚಯ ಮಾಡಿಕೊಂಡು, ಒಂದೊಂದು ವರ್ಷ ಜಗಳವನ್ನು ಮರೆತೇಬಿಡುತ್ತಿದ್ದರು. ಯಾವ ಮನೆಯ ಹೊಸ್ತಿಲು ಎದುರಾಯಿತೋ ಆ ಮನೆಯ ಅನ್ನ ಉಣ್ಣಬೇಕು. ಅದು ಆರಿದ ಅನ್ನ, ತಂಗಳು. ಅದನ್ನೇ ಅವರು ನೆಲದ ಪ್ರಸಾದ ಎನ್ನುತ್ತಿದ್ದರು. ಕನಸಿನಲ್ಲಿ ಉಂಡ ಹಾಗೆ ಉಣ್ಣುತ್ತಿದ್ದರು.

ಹಬ್ಬಕ್ಕೆ ಒಂದೇ ಕಟ್ಟಳೆ. ಆ ಬೆಳಗ್ಗೆ ನಡುಗಡ್ಡೆಯಲ್ಲಿ ಯಾರೂ ಉಳಿಯಬಾರದು. ನೆಲ ಬರಿದಾಗಿತ್ತು ಎಂಬ ಮಾತು ಸುಳ್ಳಾಗಬಾರದಲ್ಲ. ಯಾರಾದರೂ ಉಳಿದರೆ ಅವರು ಇಲ್ಲದವರು. ಅವರನ್ನು ನೋಡುವ ಹಾಗಿಲ್ಲ, ಹೆಸರು ಹಿಡಿದು ಕರೆಯುವ ಹಾಗಿಲ್ಲ. ಅವರಿಗೆ ಹೊಲದಲ್ಲಿ ಪಾಲಿಲ್ಲ, ಬಾವಿಯಲ್ಲಿ ನೀರಿಲ್ಲ. ಆ ಬೆಳಗ್ಗೆ ಅಲ್ಲಿ ಹುಟ್ಟಿದ ಮಗುವಿಗೂ ಅಷ್ಟೆ. ಆ ಮಗು ಹುಟ್ಟಲೇ ಇಲ್ಲ ಎಂದು ಲೆಕ್ಕ.

ನಾಡಿನ ಕತೆ ಹೇಳಲು ಒಬ್ಬ ಕತೆಗಾರನಿದ್ದ. ಓದಿಕೊಂಡವನು, ಕಂಠ ಚೆನ್ನಾಗಿತ್ತು. ಹಬ್ಬದ ದಿನ ನಾಡಿನ ಹಿರಿಯನ ದೋಣಿಯ ಮುಂದುಗಡೆ ನಿಂತು ಕತೆ ಹೇಳುವುದು ಅವನ ಕೆಲಸ. ದೋಣಿ ಮರಳು ಮುಟ್ಟುವ ಗಳಿಗೆಗೆ ಸರಿಯಾಗಿ, "ನೆಲ ಬರಿದಾಗಿತ್ತು" ಎನ್ನಬೇಕು. ಅವನು ಹಾಗೆನ್ನದೆ ಯಾರೂ ಇಳಿಯುವಂತಿರಲಿಲ್ಲ.

ಅವನ ಹೆಂಡತಿ ನೀಲಕ್ಕ. ಒಂದು ವರ್ಷ ಬಸುರಿಯಾಗಿದ್ದವಳನ್ನು ಕಟ್ಟಳೆಯಂತೆ ದೋಣಿಗೆ ಹತ್ತಿಸಿದ್ದರು. ಹೊಳೆ ಉಬ್ಬಿತ್ತು. ದೋಣಿಯ ಕುಲುಕಾಟಕ್ಕೆ ಆ ಕೂಸು ಉಳಿಯಲಿಲ್ಲ. ಅಂದು ಕೂಡ ಅವನು ಮುಂದುಗಡೆ ನಿಂತು ಕತೆ ಹೇಳುತ್ತಲೇ ಇದ್ದ. ಈಗ ಆಕೆ ಮತ್ತೆ ಬಸುರಿ. ದಿನ ತುಂಬುವುದೂ ಇಳಿಹಬ್ಬ ಬರುವುದೂ ಒಂದೇ ಹೊತ್ತಿಗೆ ಕೂಡಿಬಂತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, "ಈ ಸಲ ದೋಣಿ ಹತ್ತಿಸಿದರೆ ತಾಯಿಯೂ ಉಳಿಯುವುದಿಲ್ಲ" ಎಂದಳು.

ಆ ದಿನಗಳಲ್ಲಿ ಒಲೆಯ ಮುಂದೆ ಕತೆಗಾರನೇ ಕೂರಬೇಕಾಯಿತು. ಅನ್ನ ಮಾಡಿ ಗೊತ್ತಿಲ್ಲದ ಗಂಡಸು. ಒಂದು ದಿನ ಅನ್ನ ಮುದ್ದೆಯಾಯಿತು, ಒಂದು ದಿನ ತಳ ಹಿಡಿಯಿತು. ಕಣ್ಣಲ್ಲಿ ನೀರು ಸುರಿಸುತ್ತ ಊದುಕೊಳವೆ ಊದುತ್ತಿದ್ದ. ನೀಲಕ್ಕ ಗೋಡೆಗೆ ಒರಗಿ ಕೂತು, "ಇನ್ನೊಂದು ಸೌದೆ ತುರುಕಿದರೆ ಒಲೆಯೇ ಎದ್ದು ಓಡಿಹೋಗುತ್ತದೆ ನೋಡಿ" ಎನ್ನುತ್ತಿದ್ದಳು. ಅವನು ಹಬ್ಬದ ಕತೆಯನ್ನು ಬಾಯಲ್ಲಿ ಗುನುಗುತ್ತ, "ನೆಲ ಒಲಿದು ಅನ್ನ ಕೊಟ್ಟಿತು" ಎನ್ನುವಲ್ಲಿಗೆ ಬಂದ. ಅಲ್ಲಿ ನಿಂತ.

ನೆಲ ಭತ್ತ ಕೊಡುತ್ತದೆ, ಅನ್ನ ಕೊಡುವುದಿಲ್ಲ. ಭತ್ತ ಅನ್ನವಾಗಬೇಕಾದರೆ ಕುಟ್ಟುವವರು ಬೇಕು, ಕೇರುವವರು ಬೇಕು, ಒಬ್ಬರ ಕಣ್ಣಿಗಾದರೂ ಹೊಗೆ ಹೋಗಬೇಕು. ಹಾಗಾದರೆ ಬರಿದಾದ ನೆಲದಲ್ಲಿ ಅನ್ನ ಮಾಡಿಟ್ಟವರು ಯಾರು?

ಇಷ್ಟು ವರ್ಷ ಆ ಅನ್ನದ ಮಾತು ಅವನ ಬಾಯಿಯಿಂದ ಹಾದುಹೋಗಿತ್ತು, ತಲೆಗೆ ಹೋಗಿರಲಿಲ್ಲ. ಈಗ ಹೋಯಿತು. ಹೋದದ್ದು ಹೊರಗೆ ಬರಲಿಲ್ಲ.

ಅವನು ನಡುಗಡ್ಡೆಯನ್ನು ಹೊಸಬನ ಹಾಗೆ ಸುತ್ತಿದ. ಈ ಸಲ ಆಟಕ್ಕಲ್ಲ. ಉತ್ತರದ ತುದಿಯಲ್ಲಿ ಹಳೆಯ ಹುಣಸೆಮರಗಳಿದ್ದವು. ಮೊದಲ ದೊರೆ ಬಂದಾಗಲೇ ಅವು ಮುದಿಮರಗಳು ಎಂದು ಕತೆಯೇ ಹೇಳುತ್ತಿತ್ತು. ಅವು ಗೆರೆ ಎಳೆದಂತೆ ಸಾಲಾಗಿದ್ದವು. ಬಂಡೆಯ ಮೇಲೆ ಯಾರೂ ಬಳಸದ ಒರಳುಗುಳಿ ಇತ್ತು. ಮೊಣಕೈ ಇಳಿಯುವಷ್ಟು ಸವೆದಿತ್ತು. ಕುಟ್ಟಿ ಕುಟ್ಟಿ ಹಾಗೆ ಸವೆಯಬೇಕಾದರೆ ಎಷ್ಟು ತಲೆಮಾರಿನ ಕೈ ಬೇಕು! ಅವನು ಗುಳಿಯಲ್ಲಿ ಕೈಯಿಟ್ಟು ಬಹಳ ಹೊತ್ತು ಕೂತಿದ್ದ. ಯಾರದೋ ಕೈ ಹಿಡಿದುಕೊಂಡು ಕೂತ ಹಾಗೆ ಆಯಿತಂತೆ ಅವನಿಗೆ.

ಹಬ್ಬಕ್ಕೆ ಮುಂಚೆ ಚಾವಡಿಯಲ್ಲಿ ಸಭೆ ಸೇರಿತು. ಕತೆಗಾರ ಎದ್ದು ಎಲ್ಲವನ್ನೂ ಹೇಳಿದ. ನೆಲ ಬರಿದಾಗಿರಲಿಲ್ಲ, ಯಾರೋ ಇದ್ದರು, ಹಸಿದು ಬಂದ ನಮ್ಮವರಿಗೆ ಅವರು ಬಡಿಸಿದರು ಎಂದ. ಹಬ್ಬದ ಬೆಳಗ್ಗೆ ಒಬ್ಬಳು ತಾಯಿ ಇಲ್ಲಿ ಉಳಿದರೆ ಕತೆ ಕೆಡುವುದಿಲ್ಲ, ಸರಿಹೋಗುತ್ತದೆ ಎಂದ.

ಗದ್ದಲವೆದ್ದಿತು. ಒಬ್ಬ, "ಹುಣಸೆಮರ ತಾನಾಗಿಯೇ ಸಾಲಾಗಿ ಬೆಳೆಯಬಾರದೇನು?" ಎಂದ.

"ಬೆಳೆಯಬಹುದು. ಕೊಕ್ಕರೆಗಳು ದಾರ ಹಿಡಿದು ಗುಂಡಿ ತೋಡಿದ್ದರೆ" ಎಂದ ಕತೆಗಾರ.

ನಕ್ಕವರು ನಕ್ಕರು. ನಾಡಿನ ಹಿರಿಯ ನಗಲಿಲ್ಲ. ಅವನು ಕೆಟ್ಟವನಲ್ಲ. ಜಗಳಗಂಟ ಜನರನ್ನು ಒಂದು ಕತೆಯಲ್ಲಿ ಕಟ್ಟಿ ಹಿಡಿದಿದ್ದವನು. ಆ ಕಟ್ಟು ಸಡಿಲಾದರೆ ಏನಾದೀತು ಎಂಬ ಭಯ ಅವನದು.

"ಅಲ್ಲಯ್ಯಾ, ಇಷ್ಟು ವರ್ಷ ನೀನೇ ಹೇಳಿದ ಕತೆ. ಹೆಂಡತಿಗೆ ದಿನ ತುಂಬಿದಾಗಲೇ ನಿನಗೆ ಹಳೆಯದೆಲ್ಲ ಹೊಳೆಯಿತೇನು?"

"ಹೌದು ಹಿರಿಯರೇ. ಹಸಿದವನೇ ಒಲೆ ಹುಡುಕುವುದು. ಅವನು ಹಸಿದಿದ್ದ ಎಂದ ಮಾತ್ರಕ್ಕೆ ಒಲೆ ಸುಳ್ಳಾಗುತ್ತದೆಯೇ?"

"ಸರಿ, ಇದ್ದರು ಎಂದಿಟ್ಟುಕೋ. ಆಮೇಲೆ ಎಲ್ಲಿ ಹೋದರು? ಓಡಿಸಿದೆವೋ? ಕೊಂದೆವೋ? ಏನು ಹೇಳಿಸಬೇಕೆಂದಿದ್ದೀಯ ನಮ್ಮ ಬಾಯಲ್ಲಿ?"

ಕತೆಗಾರ, "ಅದು ನನಗೆ ತಿಳಿಯದು. ಓಡಿಸಿರಬಹುದು. ಮದುವೆಯಾಗಿ ಬೆರೆತಿರಬಹುದು. ಅವರ ಮೊಮ್ಮಕ್ಕಳೂ ನಮ್ಮೊಂದಿಗೆ ದೋಣಿ ಹತ್ತಿ, ತಮ್ಮ ಮನೆಗೇ ಅಪರಿಚಿತರಾಗಿ ಇಳಿಯುತ್ತಿರಬಹುದು. ತಿಳಿಯದ್ದನ್ನು ತಿಳಿದ ಹಾಗೆ ಹೇಳಿದರೆ ಹಳೆಯ ಕತೆಗೂ ನನ್ನ ಮಾತಿಗೂ ಏನು ವ್ಯತ್ಯಾಸ?" ಎಂದ.

ಈ ಮಾತು ಜನರಿಗೆ ಹಿಡಿಸಲಿಲ್ಲ. ಒಂದು ಕತೆಯನ್ನು ಕಿತ್ತುಕೊಂಡವನು ಇನ್ನೊಂದು ಪೂರ್ತಿ ಕತೆಯನ್ನಾದರೂ ಕೊಡಬೇಕು ಎಂದು ಅವರ ಅಪೇಕ್ಷೆ. ಇವನು ಅರ್ಧ ಕೊಡುತ್ತಿದ್ದ. ಹಿರಿಯ ತೀರ್ಪು ಹೇಳಿದ. ಕಟ್ಟಳೆ ಕಟ್ಟಳೆಯೇ. ನೀಲಕ್ಕ ದೋಣಿ ಹತ್ತಬೇಕು, ಇಲ್ಲವೆ ಇಲ್ಲದವಳಾಗಬೇಕು.

ಕತೆಗಾರ ಮನೆಗೆ ಬಂದು, "ನಾನೂ ನಿನ್ನ ಜೊತೆ ಇಲ್ಲೇ ಉಳಿಯುತ್ತೇನೆ" ಎಂದ.

ನೀಲಕ್ಕ ಯೋಚಿಸಿ ಹೇಳಿದಳು. "ನೀವು ಉಳಿದರೆ ದೋಣಿಯ ಮುಂದುಗಡೆ ಇನ್ನೊಬ್ಬ ನಿಲ್ಲುತ್ತಾನೆ. ಅವನು ನಿಮಗಿಂತ ಗಟ್ಟಿಯಾಗಿ ಹೇಳುತ್ತಾನೆ, ನೆಲ ಬರಿದಾಗಿತ್ತು ಅಂತ. ನಾನೂ ಇಲ್ಲದವಳು, ನೀವೂ ಇಲ್ಲದವರು, ಹುಟ್ಟುವುದೂ ಇಲ್ಲದ್ದು. ಹೋಗಿ ನೀವು. ಹೇರುವುದಕ್ಕೆ ಗಂಡಸರು ಏನು ಸಹಾಯ ಮಾಡಿಯಾರು? ಒಲೆಯನ್ನಂತೂ ನೋಡಿದೆನಲ್ಲ."

ಸೂಲಗಿತ್ತಿ ತಾನು ಉಳಿಯುತ್ತೇನೆ ಎಂದಳು. ಹಿರಿಯನ ಕಡೆಯವರು ಬಂದು ಕಟ್ಟಳೆ ನೆನಪಿಸಿದರು. ಅವಳು, "ಹಾಗೇ ಆಗಲಿ. ನಾನೂ ಇಲ್ಲದವಳಾಗುತ್ತೇನೆ. ನಾಳೆಯಿಂದ ನಿಮ್ಮ ಸೊಸೆಯರಿಗೆ ನೋವು ಬಂದಾಗ ನೆಲವನ್ನೇ ಕರೆಯಿರಿ. ಅನ್ನ ಕೊಟ್ಟ ನೆಲ ಕೂಸನ್ನೂ ಹಿಡಿಯಬಹುದು" ಎಂದಳು. ಬಂದವರು ಹಿಂದಿರುಗಿದರು.

ಹಬ್ಬದ ಬೆಳಗ್ಗೆ ದೋಣಿಗಳು ಹೊರಟವು. ಹೊಳೆಯ ಮೇಲೆ ಮಂಜು ಎಷ್ಟಿತ್ತೆಂದರೆ, ನೀರು ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಹುಟ್ಟು ಹಾಕುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ದೋಣಿಗಳು ಸುತ್ತು ಹಾಕಿ ತಿರುಗಿದವು. ಕತೆಗಾರ ಮುಂದುಗಡೆ ನಿಂತು ಕತೆ ತೆಗೆದ. ದೊರೆ ಹೊರಟದ್ದು ಹೇಳಿದ, ಅಲೆದದ್ದು ಹೇಳಿದ, ಹಸಿದದ್ದು ಹೇಳಿದ. ಅಷ್ಟರಲ್ಲಿ ಮಂಜು ಒಂದಿಷ್ಟು ಸರಿದು ನೆಲ ಕಂಡಿತು.

ನೆಲದ ಮೇಲೆ ಒಂದು ಎಳೆ ಹೊಗೆ ಏಳುತ್ತಿತ್ತು.

ಎಲ್ಲರೂ ನೋಡಿದರು. ಆ ನಾಡಿನವರು ಹಬ್ಬದ ಬೆಳಗ್ಗೆ ತಮ್ಮ ಮನೆಯ ಹೊಗೆಯನ್ನು ಹೊಳೆಯ ಮೇಲಿನಿಂದ ಕಂಡದ್ದು ಅದೇ ಮೊದಲು. ನೋಡು, ಎಂಥ ವಿಚಿತ್ರ! ಅಷ್ಟು ವರ್ಷ ಹೋಗಿ ಬಂದರೂ, ಮನೆಗೆ ಬಂದೆವು ಎಂದು ಅವರಿಗೆ ಎಂದೂ ಅನ್ನಿಸಿರಲಿಲ್ಲ. ಆ ಹೊಗೆ ಕಂಡಾಗ ಅನ್ನಿಸಿತು.

ದೋಣಿ ಮರಳು ಮುಟ್ಟಿತು. ಕತೆಗಾರ ಹೊಗೆಯನ್ನೇ ನೋಡುತ್ತಿದ್ದ.

ಹಿರಿಯ ಹಲ್ಲು ಕಚ್ಚಿ, "ಹೇಳಯ್ಯ. ನೆಲ ಬರಿದಾಗಿತ್ತು ಅನ್ನು" ಎಂದ.

"ಹೊಗೆ ಕಾಣುತ್ತಿದೆ, ಹಿರಿಯರೇ."

ಸೂಲಗಿತ್ತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ದಡಕ್ಕೆ ಬಂದಳು. "ಬಂದಿರಾ? ಬನ್ನಿ, ಬನ್ನಿ. ಬಾಣಂತಿಗೆಂದು ಎಸರಿಟ್ಟೆ, ಕೈ ತುಸು ಜೋರಾಯಿತು. ಉಳಿದ ಅನ್ನ ಹಾಗೇ ಇದೆ, ಎಲ್ಲರಿಗೂ ಒಂದೊಂದು ತುತ್ತು ಆಗುತ್ತದೆ" ಎಂದಳು.

ಕಟ್ಟಳೆಯಂತೆ ಅವಳು ಇಲ್ಲ. ಇಲ್ಲದವಳು ಕರೆದರೆ ಬರುತ್ತೇವೆ ಎನ್ನುವಂತಿಲ್ಲ, ಬರುವುದಿಲ್ಲ ಎನ್ನುವಂತೆಯೂ ಇಲ್ಲ. ಹಿರಿಯ ಕಣ್ಣು ಮುಚ್ಚಿಕೊಂಡ. ಅವನ ಪಕ್ಕದಲ್ಲಿ ಅವನ ಮುದಿ ತಾಯಿ ಕಂಬಳಿ ಹೊದ್ದು ಕೂತಿದ್ದಳು.

"ಯಾರೋ ಕರೆಯುತ್ತಿದ್ದಾರಲ್ಲೋ, ಮಗಾ."

"ಯಾರೂ ಇಲ್ಲ, ಸುಮ್ಮನಿರವ್ವ. ನೆಲ ಬರಿದು."

"ಬರಿದಾದ ನೆಲಕ್ಕೆ ಇಷ್ಟು ದೊಡ್ಡ ಗಂಟಲು ಎಲ್ಲಿಂದ ಬಂತೋ?"

ಆ ಹೊತ್ತಿಗೆ ದಡದ ಮೇಲಿನ ಮನೆಯೊಳಗಿಂದ ಕೂಸು ಅತ್ತಿತು. ಮುದುಕಿಗೆ ತಡೆಯಲಾಗಲಿಲ್ಲ. ಜೀವಮಾನವಿಡೀ ಕೂಸಿನ ಅಳು ಕೇಳಿದೊಡನೆ ಒಂದೇ ಮಾತು ಕೇಳಿ ಅಭ್ಯಾಸವಾದವಳು. ಎದ್ದು ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಇಡೀ ಹೊಳೆಗೆ ಕೇಳುವ ಹಾಗೆ ಕೂಗಿಬಿಟ್ಟಳು.

"ನೀಲಕ್ಕಾ! ಗಂಡೇನೇ, ಹೆಣ್ಣೇನೇ?"

ಒಳಗಿಂದ ಸಣ್ಣ ದನಿಯೊಂದು ಬಂತು. "ಹೆಣ್ಣು, ಅಜ್ಜಿ!"

ಮುಗಿಯಿತು. ಹೆಸರು ಹಿಡಿದು ಕರೆದದ್ದಾಯಿತು, ಕರೆದದ್ದಕ್ಕೆ ಓ ಎಂದದ್ದಾಯಿತು. ದೋಣಿಯಿಂದ ದೋಣಿಗೆ "ಹೆಣ್ಣಂತೆ, ಹೆಣ್ಣಂತೆ" ಎಂದು ಮಾತು ಹಬ್ಬಿತು. ಹೆಣ್ಣು ಎಂದು ಬಾಯಲ್ಲಿ ಅಂದ ಮೇಲೆ ಆ ಮಗು ಇಲ್ಲ ಎನ್ನುವುದು ಹೇಗೆ?

ಕತೆಗಾರ ಅಳುತ್ತಿದ್ದ. ಅಳುತ್ತಲೇ ಕತೆ ಮುಂದುವರಿಸಿದ. "ನೆಲ ಬರಿದಾಗಿರಲಿಲ್ಲ. ಯಾರೋ ಇದ್ದರು. ಮೊದಲ ದೊರೆ ಹಸಿದು ಬಂದ. ಅವರು ಬನ್ನಿ ಎಂದರು, ಬಡಿಸಿದರು. ಆಮೇಲೆ ಅವರೇನಾದರೋ ನಮಗೆ ತಿಳಿಯದು."

ಈಗ ಎಲ್ಲರ ಕಣ್ಣು ಹಿರಿಯನ ಮೇಲೆ. ಅವನು ಒಂದು ಮಾತಾಡಿದರೆ ಕತೆಗಾರ ಹೊಳೆಯ ಪಾಲು. ಅವನು ಎದ್ದ. ಕೋಲು ಹಿಡಿದು ಮರಳಿಗೆ ಇಳಿದ. ಪ್ರತಿ ವರ್ಷ ಕೋಲು ನೆಡುತ್ತಿದ್ದ ಜಾಗದಲ್ಲಿ ಸೂಲಗಿತ್ತಿ ನಿಂತಿದ್ದಳು. ಅವಳ ಕೈಯಲ್ಲಿ ಕಾಲಿಗೆ ನೀರಿನ ಚೊಂಬು. ಮನೆಗೆ ಬಂದವರಿಗೆ ಕೊಡುವುದು ಪದ್ಧತಿಯಲ್ಲವೆ, ಹಾಗೆ ತಂದಿದ್ದಳು. ಅವಳು ಬೇರೇನೂ ಯೋಚಿಸಿರಲಿಲ್ಲ.

ಹಿರಿಯ ಚೊಂಬು ನೋಡಿದ, ಕೋಲು ನೋಡಿದ. ಎರಡನ್ನೂ ಹಿಡಿಯಲು ಅವನಿಗೆ ಆಗುತ್ತಿರಲಿಲ್ಲ, ಇನ್ನೊಂದು ಕೈಯಲ್ಲಿ ತಾಯಿಯನ್ನು ಇಳಿಸಿಕೊಳ್ಳಬೇಕಿತ್ತು. ಕೋಲನ್ನು ದೋಣಿಯೊಳಗೆ ಹಾಕಿದ. ಚೊಂಬು ತೆಗೆದುಕೊಂಡು ಕಾಲು ತೊಳೆದ. ಅತಿಥಿಯಾಗಿ ಊರೊಳಗೆ ನಡೆದ. ಹಿಂದೆ ಎಲ್ಲರೂ ಕಾಲು ತೊಳೆದು ನಡೆದರು.

ಅಂದು ಮೊದಲ ಸಲ ಹಬ್ಬದ ಅನ್ನ ಬಿಸಿಯಾಗಿತ್ತು. ತಂಗಳಿಗೆ ಪಳಗಿದ ನಾಲಗೆಗಳು ಸುಟ್ಟುಕೊಂಡವು. ಹೊಸ ಕೂಸನ್ನು ಮೊರದಲ್ಲಿ ಮಲಗಿಸಿ ತಂದರು. ಹಿರಿಯ ಅದರ ಕಿವಿಯ ಹತ್ತಿರ ಬಾಗಿ, "ಯಾವ ಊರಾಯಿತು ತಾಯಿ ತಮ್ಮದು?" ಎಂದು ಕೇಳಿದ. ಈ ಸಲ ಎಲ್ಲರೂ ನಕ್ಕರು.

ಎಲ್ಲರೂ ಎಂದೆನೇ? ತಪ್ಪು. ಕೆಲವರು ದೋಣಿಯಿಂದ ಇಳಿಯಲೇ ಇಲ್ಲ. ನೆಲ ಬರಿದಾಗಿತ್ತು ಎಂದು ಯಾರಾದರೂ ಹೇಳುವ ತನಕ ಇಳಿಯುವುದಿಲ್ಲ ಎಂದು ಹಟ ಹಿಡಿದು ಬಿಸಿಲಲ್ಲಿ ಕೂತರು. ಸಂಜೆಗೆ ಹಸಿವು ತಾಳದೆ ಒಬ್ಬೊಬ್ಬರಾಗಿ ಬಂದರು. ಕೆಲವರು ಇಂದಿಗೂ ಉಣ್ಣುವಾಗ ಬಾಯೊಳಗೇ ಹಳೆಯ ಮಾತು ಹೇಳಿಕೊಳ್ಳುತ್ತಾರಂತೆ. ಹೇಳಿಕೊಳ್ಳಲಿ ಬಿಡು, ಉಣ್ಣುತ್ತಾರಲ್ಲ. ಕತೆಗಾರ ಮಾತ್ರ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡುಗಡ್ಡೆಯ ಮೂಲೆಮೂಲೆ ಹುಡುಕಿದ. ಮೊದಲಿದ್ದವರು ಏನಾದರೆಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಇಳಿಹಬ್ಬದಲ್ಲಿ "ನಮಗೆ ತಿಳಿಯದು" ಎನ್ನುವ ಮಾತು ಬಂದಾಗ ಜನ ಒಂದು ಗಳಿಗೆ ಹುಟ್ಟು ಹಾಕುವುದನ್ನು ನಿಲ್ಲಿಸುತ್ತಾರೆ. ದೋಣಿಗಳು ಮಂಜಿನಲ್ಲಿ ತಮ್ಮಷ್ಟಕ್ಕೆ ತೇಲುತ್ತವೆ.

ಹಾಲಪ್ಪಯ್ಯನವರು ಕತೆ ನಿಲ್ಲಿಸಿದರು. ರೇವಣ ಅಂಗೈಯಲ್ಲಿದ್ದ ಬೇಳೆಯನ್ನು ಮರೆತೇ ಬಿಟ್ಟಿದ್ದ. ಅವನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಕತೆಗಾರನಿಗೆ ಮಗಳು ಉಳಿದಳು, ಸರಿ. ಆದರೆ ಗುರುಗಳೇ, ನಮಗಿಂತ ಮೊದಲು ಇಲ್ಲಿ ಬೇರೆಯವರಿದ್ದರು ಎಂದು ಒಪ್ಪಿಕೊಂಡ ಮೇಲೆ ಆ ನಾಡಿನ ಹಿರಿಮೆ ಕಡಿಮೆಯಾಗಲಿಲ್ಲವೆ?"

ಗುರುಗಳು ಅವನ ಮುಖವನ್ನು ಅಕ್ಕರೆಯಿಂದ ನೋಡಿ ಕೇಳಿದರು:

"ನೀನು ಹುಟ್ಟಿದಾಗ ನಿನಗಿಂತ ಮೊದಲು ನಿನ್ನ ತಾಯಿ ಇದ್ದಳಲ್ಲ ರೇವಣಾ, ಅದರಿಂದ ನಿನ್ನ ಹಿರಿಮೆ ಎಷ್ಟು ಕಡಿಮೆಯಾಯಿತು?"